ಹಳೇ ಕೇಸು, ಹೊಸ ಕೆಲಸ: ರೆಕಾರ್ಡ್ ಮುಚ್ಚಿಸಲು ಆಗ್ತದಾ?

ಮಂಗಳೂರು–ಉಡುಪಿ ಕಡೆಯ ಉದ್ಯೋಗ ಮಾಹಿತಿ ಗುಂಪಿನ ‘ವಕೀಲರನ್ನು ಕೇಳಿ’ ಪ್ರಶ್ನೋತ್ತರ. ಉತ್ತರ ಕೊಟ್ಟವರು ಮಂಗಳೂರಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಕೇಳಿದವರ ಹೆಸರು ತೆಗೆದಿದ್ದೇವೆ.

ಪ್ರಶ್ನೆ (ಸುರತ್ಕಲ್): ನಮಸ್ಕಾರ ಮೇಡಂ. 2018ರಲ್ಲಿ ಊರ ಹತ್ತಿರ ಕೋಳಿ ಅಂಕ (ಕೋಳಿ ಕಾಳಗ) ನೋಡಲು ಹೋಗಿದ್ದೆ. ಪೊಲೀಸರು ದಾಳಿ ಮಾಡಿದರು, ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬ. ಸ್ಟೇಷನ್‌ನಲ್ಲೇ ಬೇಲ್ ಆಯಿತು. ಆಮೇಲೆ ಕೋರ್ಟಿಗೆ ಕರೆದರು. ಎಲ್ಲರೂ ಫೈನ್ ಕಟ್ಟಿದರು, ನಾನೂ ಕಟ್ಟಿ ಬಂದೆ. ಈಗ ಬೆಂಗಳೂರಿನ ಒಂದು ಕಂಪನಿಯಿಂದ ಆಫರ್ ಬಂದಿದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರ್ಮಿನಲ್ಲಿ ‘ಯಾವುದೇ ಕೋರ್ಟಿನಲ್ಲಿ ನಿಮಗೆ ಶಿಕ್ಷೆ ಆಗಿದೆಯೇ’ ಅಂತ ಉಂಟು. ಅಮೆರಿಕದಲ್ಲಿರುವ ನಮ್ಮ ಅಣ್ಣ ಹೇಳ್ತಾನೆ, ಅಲ್ಲಿ ಇಂಥ ರೆಕಾರ್ಡನ್ನು ಕೋರ್ಟೇ ಸೀಲ್ ಮಾಡಿ, ಅಂದರೆ ಮುಚ್ಚಿ, ಕೊಡ್ತದಂತೆ. ನಮ್ಮಲ್ಲೂ ಹಾಗೆ ಉಂಟಾ? ಬರೀ ಫೈನ್ ಅಲ್ವಾ, ‘ಇಲ್ಲ’ ಅಂತ ಟಿಕ್ ಮಾಡಬಹುದಾ?

ಉತ್ತರ: ‘ಇಲ್ಲ’ ಅಂತ ಟಿಕ್ ಮಾಡಬೇಡಿ. ಯಾಕೆ ಅಂತ ಹೇಳ್ತೇನೆ.

ಫೈನ್ ಕಟ್ಟಿದ್ದೇ ಶಿಕ್ಷೆ. ನಮ್ಮ ಕಡೆ ಸಾವಿರಾರು ಜನ ಇದನ್ನು ತಿಳಿಯದೆ ಇದ್ದಾರೆ, ನನಗೆ ನಿಜವಾಗಿ ಬೇಸರ ಆಗುವುದು ಇದಕ್ಕೇ. ಕೋಳಿ ಅಂಕದ ಕೇಸು ಸಾಮಾನ್ಯವಾಗಿ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಕಲಮುಗಳು ಮತ್ತು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ದಾಖಲಾಗುತ್ತದೆ. ಆ 11ನೇ ಕಲಮಿನಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅಷ್ಟು ಚಿಕ್ಕ ಮೊತ್ತ ನೋಡಿ ಯಾರಿಗೂ ಇದು ಶಿಕ್ಷೆ ಅನ್ನಿಸುವುದಿಲ್ಲ. ಕೋರ್ಟ್ ಹಾಲಿನಲ್ಲಿ ಹತ್ತು ಹನ್ನೆರಡು ಜನರನ್ನು ಸಾಲಾಗಿ ನಿಲ್ಲಿಸಿ, ‘ತಪ್ಪು ಒಪ್ಪಿಕೊಳ್ತೀರಾ’ ಅಂತ ಕೇಳ್ತಾರೆ. ಎಲ್ಲರೂ ತಲೆ ಆಡಿಸ್ತಾರೆ. ರಸೀದಿ ತೆಗೆದುಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗ್ತಾರೆ. ಕಡತದಲ್ಲಿ ಮಾತ್ರ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ಅಪರಾಧಿ ಎಂದು ತೀರ್ಮಾನಿಸಿದೆ’ ಅಂತ ಬರೆದಿರುತ್ತದೆ. ತಪ್ಪೊಪ್ಪಿಕೊಂಡ ಮೇಲೆ ಅಪೀಲಿಗೆ ದಾರಿಯೂ ತುಂಬಾ ಕಿರಿದು.

ಇನ್ನು ಸೀಲ್ ಮಾಡಿಸುವ ವಿಷಯ. 18 ದಾಟಿದವರಿಗೆ ಅಮೆರಿಕದ ಹಾಗೆ ಅರ್ಜಿ ಹಾಕಿ ಹಳೇ ಶಿಕ್ಷೆಯ ರೆಕಾರ್ಡ್ ಮುಚ್ಚಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ‘ಸ್ಟೇಷನ್‌ನಲ್ಲಿ ಹೇಳಿ ಹೆಸರು ತೆಗೆಸ್ತೇನೆ’ ಅಂತ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಸ್ಟೇಷನ್ನಿನ ಎಫ್‌ಐಆರ್ ಕಂಪ್ಯೂಟರಿಗೆ ಏರಿರುತ್ತದೆ, ಕೋರ್ಟಿನ ಕಡತ ಬೇರೆ ಇರುತ್ತದೆ. ಅದನ್ನು ಅಳಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.

ಕಂಪನಿಯವರು ಹೇಗೆ ಹುಡುಕ್ತಾರೆ ಅಂತ ಗೊತ್ತಾದರೆ ನಿಮಗೇ ಅರ್ಥ ಆಗ್ತದೆ. ಇ-ಕೋರ್ಟ್ಸ್ ವೆಬ್‌ಸೈಟ್ ತೆರೆದು, ರಾಜ್ಯ ಕರ್ನಾಟಕ, ಜಿಲ್ಲೆ ದಕ್ಷಿಣ ಕನ್ನಡ, ನಿಮ್ಮ ಹೆಸರು, ವರ್ಷ ಹಾಕಿ ನೋಡಿ. ಕೇಸ್ ನಂಬರ್, ಕಲಂ, ಯಾವ ದಿನ ಮುಗಿಯಿತು, ಹೇಗೆ ಮುಗಿಯಿತು ಎಲ್ಲ ಬರುತ್ತದೆ. ವೆರಿಫಿಕೇಶನ್ ಏಜೆನ್ಸಿಯವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ಅವರಿಗೆ ಗೊತ್ತಾಗುವ ಸಾಧ್ಯತೆ ಜಾಸ್ತಿ. ನೀವು ‘ಇಲ್ಲ’ ಅಂದದ್ದು, ಅವರಿಗೆ ‘ಉಂಟು’ ಅಂತ ಸಿಕ್ಕಿದ್ದು, ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಕೆಲಸ ಹೋಗುವುದು ಕೋಳಿ ಅಂಕದಿಂದ ಅಲ್ಲ, ಆ ಟಿಕ್‌ನಿಂದ.

ಅದೇ ಪ್ರಶ್ನೆಯವರು: ಹಾಗಾದರೆ ಏನು ಬರೆಯಲಿ ಮೇಡಂ? ‘ಹೌದು’ ಅಂದ ಕೂಡಲೇ ಎಚ್‌ಆರ್‌ನವರು ಆಫರ್ ವಾಪಸ್ ತೆಗೆದರೆ?

ಉತ್ತರ: ಮೊದಲು ಆ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ಆದೇಶದ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಕೇಸ್ ನಂಬರ್ ನೆನಪಿಲ್ಲದಿದ್ದರೆ ಇ-ಕೋರ್ಟ್ಸ್‌ನಲ್ಲಿ ಸಿಗ್ತದೆ. ಫಾರ್ಮಿನಲ್ಲಿ ‘ಹೌದು’ ಅಂತ ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ನಾಲ್ಕೇ ಸಾಲು ಬರೆಯಿರಿ: ‘2018ರಲ್ಲಿ ಕೋಳಿ ಅಂಕ ನಡೆಯುತ್ತಿದ್ದ ಜಾಗದಲ್ಲಿದ್ದ ಕಾರಣ ಕೇಸು ದಾಖಲಾಗಿತ್ತು. ತಪ್ಪೊಪ್ಪಿಕೊಂಡು ಇಷ್ಟು ರೂಪಾಯಿ ದಂಡ ಕಟ್ಟಿದ್ದೇನೆ. ಕೇಸು ಮುಗಿದಿದೆ, ಆದೇಶದ ಪ್ರತಿ ಲಗತ್ತಿಸಿದ್ದೇನೆ. ಬೇರೆ ಯಾವ ಕೇಸೂ ಇಲ್ಲ.’ ಕೊನೆಯ ಸಾಲನ್ನು ಅದು ನಿಜ ಆದರೆ ಮಾತ್ರ ಬರೆಯಿರಿ. ಪೊಲೀಸರ ಮೇಲೆ ದೂರು, ಗೆಳೆಯರ ಮೇಲೆ ದೂರು, ಅದೆಲ್ಲ ಬೇಡ.

ಖಾಸಗಿ ಕಂಪನಿ ಅದರ ಪಾಲಿಸಿ ಪ್ರಕಾರ ತೀರ್ಮಾನ ಮಾಡ್ತದೆ. ಅದು ನಮ್ಮ ಕೈಯಲ್ಲಿ ಇಲ್ಲ. ಆದರೆ ಇಂಥ ಸಣ್ಣ ಕೇಸನ್ನು ಮುಂಚೆಯೇ ಕಾಗದ ಸಮೇತ ತಿಳಿಸಿದವರ ಪರವಾಗಿ ಮಾತಾಡಲು ಎಚ್‌ಆರ್‌ನವರಿಗೂ ಒಂದು ಆಧಾರ ಇರುತ್ತದೆ. ಸೇರಿ ಎರಡು ವರ್ಷ ಆದ ಮೇಲೆ ಹೊರಗೆ ಬಂದರೆ ಆ ಆಧಾರವೂ ಇರುವುದಿಲ್ಲ.

ಸರ್ಕಾರಿ ಕೆಲಸಕ್ಕೆ 2016ರ ಅವತಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ದಾರಿ ತೋರಿಸಿದೆ. ಕೇಳಿದ್ದಕ್ಕೆ ನಿಜ ಹೇಳಬೇಕು. ಸಣ್ಣ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಚಿಲ್ಲರೆ ಕೇಸು ಆಗಿದ್ದರೆ, ಮುಚ್ಚಿಟ್ಟಿದ್ದನ್ನೂ ಇಲಾಖೆ ಮನ್ನಿಸಬಹುದು. ಹಾಗೇ ಫಾರ್ಮಿನಲ್ಲಿ ಕೇಳದೇ ಇದ್ದ ವಿಷಯ ಹೇಳಲಿಲ್ಲ ಅಂತ ಯಾರನ್ನೂ ತೆಗೆಯುವ ಹಾಗಿಲ್ಲ. ಇದು ತುಂಬಾ ಮುಖ್ಯ. ಪ್ರಶ್ನೆಯನ್ನು ಪೂರ್ತಿ ಓದಿ. ‘ಶಿಕ್ಷೆ ಆಗಿದೆಯೇ’ ಬೇರೆ, ‘ಬಂಧನ ಆಗಿದೆಯೇ’ ಬೇರೆ, ‘ಕೇಸು ಬಾಕಿ ಉಂಟೇ’ ಬೇರೆ. ಕೇಂದ್ರ ಸರ್ಕಾರದ ಅಟೆಸ್ಟೇಶನ್ ಫಾರ್ಮಿನಲ್ಲಿ ಬಂಧನ, ವಿಚಾರಣೆ, ದಂಡ, ಶಿಕ್ಷೆ ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳ್ತಾರೆ. ಅಲ್ಲಿ ಪ್ರತಿಯೊಂದಕ್ಕೂ ಉತ್ತರ ಕೊಡಬೇಕು.

ಪ್ರಶ್ನೆ (ಮಲ್ಪೆ): ಮೇಡಂ, ನಮ್ಮ ಮಗನಿಗೆ 17 ಇದ್ದಾಗ ಕಾಲೇಜು ಬಿಟ್ಟ ಮೇಲೆ ಹುಡುಗರ ಜೊತೆ ಹೊಡೆದಾಟ ಆಗಿ ಕೇಸು ಆಗಿತ್ತು. ಬಾಲನ್ಯಾಯ ಮಂಡಳಿಯಲ್ಲಿ ಬುದ್ಧಿ ಹೇಳಿ ಬಿಟ್ಟರು. ಈಗ ಅವನಿಗೆ 22, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದ್ತಾ ಇದ್ದಾನೆ. ‘ನನ್ನದು ಹೇಗೂ ವೆರಿಫಿಕೇಶನ್‌ನಲ್ಲಿ ಹೋಗ್ತದೆ’ ಅಂತ ಒಂದೊಂದು ದಿನ ಪುಸ್ತಕವನ್ನೇ ಮುಟ್ಟುವುದಿಲ್ಲ. ಅವನ ಜೀವನ ಇಷ್ಟೇನಾ?

ಉತ್ತರ: ಖಂಡಿತ ಅಲ್ಲ ಅಕ್ಕ. ಈ ಉತ್ತರವನ್ನು ಅವನಿಗೇ ಓದಲು ಕೊಡಿ.

ನಮ್ಮ ದೇಶದಲ್ಲಿ ರೆಕಾರ್ಡ್ ಮುಚ್ಚುವ ನಿಜವಾದ ಕಾನೂನು ಇರುವುದು ಇವನಂಥ ಮಕ್ಕಳಿಗೇ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಹೇಳುವುದು ಇಷ್ಟು: 18 ತುಂಬದವನು ತಪ್ಪು ಮಾಡಿ, ಅವನ ಕೇಸು ಈ ಕಾಯ್ದೆಯಡಿ ತೀರ್ಮಾನ ಆದರೆ, ಆ ಕಾರಣಕ್ಕೆ ಅವನಿಗೆ ಯಾವ ಅನರ್ಹತೆಯೂ ಅಂಟಬಾರದು. ಅಪೀಲಿನ ಅವಧಿ ಮುಗಿದ ಮೇಲೆ ಆ ದಾಖಲೆಗಳನ್ನು ನಾಶ ಮಾಡಲು ಮಂಡಳಿಯೇ ಪೊಲೀಸರಿಗೆ ಆದೇಶ ಕೊಡಬೇಕು. 74ನೇ ಕಲಂ ಇನ್ನೂ ಸ್ಪಷ್ಟ. ಮುಗಿದ ಕೇಸಿನಲ್ಲಿ ಮಗುವಿನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಯಾವುದಕ್ಕಾಗಲಿ ಪೊಲೀಸರು ಬಹಿರಂಗ ಮಾಡುವ ಹಾಗಿಲ್ಲ. 16 ದಾಟಿದವರ ಮೇಲಿನ ಘೋರ ಅಪರಾಧಗಳಿಗೆ, ಅಂದರೆ ಕನಿಷ್ಠ 7 ವರ್ಷ ಶಿಕ್ಷೆ ಇರುವಂಥವುಗಳಿಗೆ, ನಿಯಮ ಬೇರೆ ಆಗಬಹುದು. ಬುದ್ಧಿ ಹೇಳಿ ಬಿಟ್ಟ ಹೊಡೆದಾಟದ ಕೇಸು ಅದರಲ್ಲಿ ಬರುವುದಿಲ್ಲ.

2019ರಲ್ಲಿ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್‌ಗೆ ಆಯ್ಕೆ ಆದ ಒಬ್ಬ ಯುವಕನ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಪ್ರಾಪ್ತ ವಯಸ್ಸಿನ ಆರೋಪವನ್ನು ಅವನ ವಿರುದ್ಧ ಹಿಡಿಯಬಾರದು ಅಂತ ಕೋರ್ಟ್ ಹೇಳಿತು, ಅವನು ಗೆದ್ದ.

ಆದರೆ ಕಾನೂನು ಪುಸ್ತಕದಲ್ಲಿ ಇದೆ ಅಂತ ಸುಮ್ನೆ ಕೂರಬೇಡಿ. ನಾಶದ ಆದೇಶ ಆಗಿದೆಯಾ ಅಂತ ಈಗಲೇ ಮಂಡಳಿಯಲ್ಲಿ ವಿಚಾರಿಸಿ. ಆಗಿರದಿದ್ದರೆ ಅರ್ಜಿ ಹಾಕಿ. ವಕೀಲರ ಫೀಸು ಕಷ್ಟ ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವು ಉಂಟು, ಮೊದಲು ನೀವೇ ಹೋಗಿ ಕೇಳಿ. ಪರೀಕ್ಷೆ ಪಾಸಾಗಿ ವೆರಿಫಿಕೇಶನ್ ಫಾರ್ಮ್ ಕೈಗೆ ಬಂದಾಗ, ತುಂಬುವ ಮುಂಚೆ ಮಂಡಳಿಯ ಆದೇಶ ಹಿಡಿದು ಒಬ್ಬ ವಕೀಲರಿಗೆ ತೋರಿಸಿ.

ಪ್ರಶ್ನೆ (ಕುಂದಾಪುರ): ನನ್ನ ಮೇಲೆ ಕೇಸೇ ಇಲ್ಲ. ಆದರೂ ರಿಪೋರ್ಟಿನಲ್ಲಿ ಚೆಕ್ ಬೌನ್ಸ್ ಕೇಸು ತೋರಿಸಿ ಜಾಯಿನಿಂಗ್ ತಡೆಹಿಡಿದಿದ್ದಾರೆ. ನನ್ನ ಹೆಸರಿನ ಬೇರೆ ಯಾರೋ.

ಉತ್ತರ: ನಮ್ಮ ಜಿಲ್ಲೆಗಳಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಒಂದೇ ಹೆಸರು, ಒಂದೇ ಸರ್‌ನೇಮ್, ಶೆಟ್ರು, ಪೂಜಾರಿಗಳು, ಡಿಸೋಜರು ಊರಿಗೆ ಎಷ್ಟು ಜನ! ಹೆಸರು ಮಾತ್ರ ಹೊಂದಿಸಿ ನೋಡಿದರೆ ಹೀಗೇ ಆಗುವುದು. ಏಜೆನ್ಸಿಯ ರಿಪೋರ್ಟಿನ ಪ್ರತಿ ಕೇಳಿ, ಕೇಸ್ ನಂಬರ್ ತೆಗೆದುಕೊಳ್ಳಿ. ದೂರಿನಲ್ಲಿ ಆರೋಪಿಯ ತಂದೆಯ ಹೆಸರು, ವಯಸ್ಸು, ವಿಳಾಸ ಇರುತ್ತದೆ. ಅದನ್ನೂ ನಿಮ್ಮ ಆಧಾರ್, ಮಾರ್ಕ್ಸ್ ಕಾರ್ಡನ್ನೂ ಒಟ್ಟಿಗೆ ಎಚ್‌ಆರ್‌ಗೆ ಮೇಲ್ ಮಾಡಿ. ಸೇವಾಸಿಂಧುವಿನಲ್ಲಿ ಪೊಲೀಸ್ ವೆರಿಫಿಕೇಶನ್‌ಗೂ ಅರ್ಜಿ ಹಾಕಿ. ಫೋನಿನಲ್ಲಿ ಹೇಳಿ ಬಿಡಬೇಡಿ, ಬರವಣಿಗೆಯಲ್ಲೇ ಇರಲಿ.

ಪ್ರಶ್ನೆ (ಬಂಟ್ವಾಳ): ಅಕ್ಕ, ಜಾಗದ ತಕರಾರಿನಲ್ಲಿ ನನ್ನ ಮೇಲೂ ಚಿಕ್ಕಪ್ಪನ ಮಗನ ಮೇಲೂ ಕೇಸು ಉಂಟು, ಇನ್ನೂ ನಡೀತಾ ಉಂಟು. ಈಗ ರಾಜಿ ಆಗಿದ್ದೇವೆ. ದುಬೈ ಕೆಲಸಕ್ಕೆ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಬೇಕು. ಫೈನ್ ಕಟ್ಟಿ ಬೇಗ ಮುಗಿಸಲಾ?

ಉತ್ತರ: ಬೇಡವೇ ಬೇಡ! ಮೇಲೆ ಸುರತ್ಕಲ್‌ನವರಿಗೆ ಬರೆದದ್ದು ಓದಿ. ಕೇಸು ಬಾಕಿ ಇರುವಾಗ ಪಿಸಿಸಿಗೆ ತೊಂದರೆ ಆಗ್ತದೆ ನಿಜ, ಆದರೆ ಅವಸರದಲ್ಲಿ ಶಿಕ್ಷೆ ಹಚ್ಚಿಕೊಳ್ಳಬೇಡಿ. ಸಾದಾ ಹೊಡೆತ, ಅಡ್ಡಗಟ್ಟಿದ್ದು, ಬೈಗುಳ ಇಂಥ ಕಲಮುಗಳಲ್ಲಿ ಕೋರ್ಟಿನ ಮುಂದೆ ರಾಜಿ ಮಾಡಿಕೊಳ್ಳಬಹುದು. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹಳೇ ಕಾಯ್ದೆ ಸಿಆರ್‌ಪಿಸಿಯ 320ನೇ ಕಲಂ, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 359. ಹಾಗೆ ರಾಜಿ ಆದರೆ ಕಾನೂನಿನ ಪ್ರಕಾರ ಅದು ಖುಲಾಸೆ. ಫೈನ್ ಕಟ್ಟಿದರೆ ಶಿಕ್ಷೆ, ರಾಜಿ ಮಾಡಿದರೆ ಖುಲಾಸೆ. ಕೆಲಸದ ಫಾರ್ಮ್ ತುಂಬುವ ದಿನ ಈ ವ್ಯತ್ಯಾಸ ಗೊತ್ತಾಗ್ತದೆ. ಲೋಕ ಅದಾಲತ್ ಇರುವ ದಿನ ಇನ್ನೂ ಸುಲಭ.

ಚಾರ್ಜ್‌ಶೀಟಿನಲ್ಲಿ ಮಾರಕಾಸ್ತ್ರದಿಂದ ಹೊಡೆದ ಕಲಂ ಸೇರಿದ್ದರೆ ಇಲ್ಲಿನ ಕೋರ್ಟಿನಲ್ಲಿ ರಾಜಿ ಆಗುವುದಿಲ್ಲ. ಆಗ ಬೆಂಗಳೂರಿನ ಹೈಕೋರ್ಟಿಗೆ ಹೋಗಿ, ಸಿಆರ್‌ಪಿಸಿಯ ಹಿಂದಿನ 482, ಬಿಎನ್‌ಎಸ್‌ಎಸ್‌ನ ಈಗಿನ 528ರಡಿ ಇಬ್ಬರೂ ಸೇರಿ ಕೇಸು ರದ್ದಿಗೆ ಕೇಳಬೇಕು. ಖರ್ಚು ಸ್ವಲ್ಪ ಜಾಸ್ತಿ. ಆದೇಶ ಬಂದ ಮೇಲೆ ಅದರ ಪ್ರತಿಯನ್ನು ಸ್ಟೇಷನ್ನಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅದು ಕೊಡದೆ ಸ್ಟೇಷನ್ ದಾಖಲೆಯಲ್ಲಿ ಇನ್ನೂ ‘ಬಾಕಿ’ ಅಂತಲೇ ಉಳಿದು ಪಿಸಿಸಿ ನಿಂತ ಕೇಸುಗಳನ್ನು ನೋಡಿದ್ದೇನೆ.

ಪ್ರಶ್ನೆ (ಮಣಿಪಾಲ): ಖುಲಾಸೆ ಆಗಿದೆ ಮೇಡಂ, ಆದರೆ ಗೂಗಲ್‌ನಲ್ಲಿ ಹೆಸರು ಹಾಕಿದರೆ ತೀರ್ಪು ಮೊದಲೇ ಬರುತ್ತದೆ. ತೆಗೆಸಬಹುದಾ?

ಉತ್ತರ: ಹೈಕೋರ್ಟಿಗೆ ಹೋಗಿ ಕೇಳಬಹುದು, ಆದರೆ ಖಾತ್ರಿ ಕೊಡಲು ಆಗುವುದಿಲ್ಲ. 2021ರಲ್ಲಿ ದೆಹಲಿ ಹೈಕೋರ್ಟ್ ಒಬ್ಬ ಭಾರತ ಮೂಲದ ಅಮೆರಿಕನ್‌ನ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತ್ತು. ಮಾದಕ ವಸ್ತು ಕೇಸಿನಲ್ಲಿ ಅವರು ಖುಲಾಸೆ ಆಗಿದ್ದರೂ, ತೀರ್ಪು ಸರ್ಚ್‌ನಲ್ಲಿ ಬರುವುದರಿಂದ ಕೆಲಸ ಸಿಗುತ್ತಿರಲಿಲ್ಲ. 2017ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಬ್ಬ ಮಹಿಳೆಯ ಹೆಸರು ಸರ್ಚ್‌ನಲ್ಲಿ ಬಾರದ ಹಾಗೆ ನೋಡಿಕೊಳ್ಳಲು ಹೇಳಿತ್ತು. ಎಲ್ಲರಿಗೂ ಅನ್ವಯಿಸುವ ನಿಯಮ ಅಂತ ಇದನ್ನು ತಿಳಿಯಬೇಡಿ. ಖುಲಾಸೆ ಆದ ಮನುಷ್ಯನ ಹೆಸರು ಜೀವನಪೂರ್ತಿ ಹೀಗೆ ತೇಲುತ್ತಿರುವುದು ಅನ್ಯಾಯ, ಇದಕ್ಕೆ ಒಂದು ಸರಿಯಾದ ಕಾನೂನು ಬರಲೇಬೇಕು.

ಪ್ರಶ್ನೆ (ಉಡುಪಿ): ನನ್ನ ತಮ್ಮ ಪೆನ್ಸಿಲ್ವೇನಿಯಾದಲ್ಲಿ ಓದುವಾಗ ಅಂಗಡಿಯಲ್ಲಿ ಸಾಮಾನು ತೆಗೆದ ಕೇಸು ಆಗಿತ್ತು. ಅಲ್ಲಿ ರೆಕಾರ್ಡ್ ಸೀಲ್ ಆಗಿದೆ. ಇನ್ನು ಯಾರಿಗೂ ಹೇಳಬೇಕಿಲ್ಲ ಅಲ್ವಾ?

ಉತ್ತರ: ಕೆಲಸ ಬೇರೆ, ವೀಸಾ ಬೇರೆ. ಈ ಎರಡನ್ನು ಒಂದು ಮಾಡಿದವರು ತುಂಬಾ ಕಷ್ಟಕ್ಕೆ ಬೀಳ್ತಾರೆ.

ರೆಕಾರ್ಡ್ ತಾನಾಗಿಯೇ ಸೀಲ್ ಆಗುವ ‘ಕ್ಲೀನ್ ಸ್ಲೇಟ್’ ಕಾನೂನನ್ನು 2018ರಲ್ಲಿ ಮೊದಲು ತಂದದ್ದೇ ಪೆನ್ಸಿಲ್ವೇನಿಯಾ. ಸೀಲ್ ಆದ ಮೇಲೆ ಸಾಮಾನ್ಯ ಕಂಪನಿಗೆ ಅದು ಕಾಣುವುದಿಲ್ಲ. ಪೊಲೀಸರಿಗೆ, ಕೋರ್ಟಿಗೆ ಕಾಣುತ್ತದೆ. ಕೆಲವು ಏಜೆನ್ಸಿಗಳ ಹತ್ತಿರ ಸೀಲ್ ಆಗುವ ಮುಂಚೆ ತೆಗೆದಿಟ್ಟ ಹಳೇ ಮಾಹಿತಿ ಉಳಿದಿರುತ್ತದೆ. ಅದು ರಿಪೋರ್ಟಿನಲ್ಲಿ ಬಂದರೆ, ಅಲ್ಲಿನ 1970ರ ಎಫ್‌ಸಿಆರ್‌ಎ (ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್) ಕಾಯ್ದೆ ಪ್ರಕಾರ ಕಂಪನಿ ಅವನನ್ನು ಕೆಲಸಕ್ಕೆ ಬೇಡ ಅನ್ನುವ ಮುಂಚೆ ರಿಪೋರ್ಟಿನ ಪ್ರತಿ ಕೊಡಬೇಕು. ಅವನು ತಕರಾರು ಹಾಕಿದರೆ ಏಜೆನ್ಸಿ ಸಾಮಾನ್ಯವಾಗಿ 30 ದಿನದೊಳಗೆ ಪರಿಶೀಲಿಸಬೇಕು. ಸೀಲ್ ಮಾಡಿದ ಕೋರ್ಟ್ ಆದೇಶ ಅವನ ಕೈಯಲ್ಲೇ ಇರಲಿ.

ವೀಸಾ ಫಾರ್ಮ್, ಗ್ರೀನ್ ಕಾರ್ಡ್ ಅರ್ಜಿಗಳಲ್ಲಿ ಮಾತ್ರ ಸೀಲ್ ಆದದ್ದೂ ಲೆಕ್ಕಕ್ಕೆ ಬರುತ್ತದೆ. ಗ್ರೀನ್ ಕಾರ್ಡ್ ಅರ್ಜಿಯಲ್ಲಿ, ದಾಖಲೆ ಸೀಲ್ ಆಗಿದ್ದರೂ ಹೇಳಿ ಅಂತ ನೇರವಾಗಿಯೇ ಕೇಳ್ತಾರೆ. ಅಲ್ಲಿ ‘ಇಲ್ಲ’ ಅಂದರೆ ಸುಳ್ಳು ಹೇಳಿದ ಹಾಗೆ ಆಗ್ತದೆ. ಊರಿಗೆ ಬಂದು ವೀಸಾ ಸ್ಟ್ಯಾಂಪಿಂಗ್‌ಗೆ ಹೋಗುವ ಮೊದಲು, ಅಲ್ಲಿನ ಇಮಿಗ್ರೇಶನ್ ವಕೀಲರ ಹತ್ತಿರ ಆ ಕೇಸಿನ ಕಾಗದ ತೋರಿಸಿ ಮಾತಾಡಲು ಹೇಳಿ. ಟಿಕೆಟ್ ಬುಕ್ ಮಾಡುವ ಮುಂಚೆ.