ಮೂಕಿ ಚಿತ್ರಗಳ ‘ವ್ಯಾಂಪ್’: ಕನ್ನಡದಲ್ಲಿ ‘ಮೋಹಿನಿ’ ಎನ್ನಬಹುದೇ?

ಮೂಕಿ ಚಿತ್ರಗಳ ಸ್ತ್ರೀಪಾತ್ರಗಳನ್ನು ಕುರಿತು ಬರೆಯಹೊರಟಿರುವ ನನಗೆ, ಗಂಡಸರನ್ನು ಮರುಳುಮಾಡಿ ಹಾಳುಗೆಡಹುವ ಹೆಣ್ಣನ್ನು ಸೂಚಿಸುವ ‘ವ್ಯಾಂಪ್’ ಎಂಬ ಪದ ತೊಡಕಾಗಿದೆ. ಸಿನಿಮಾ ಬರಹಗಳಲ್ಲಿ ಇದಕ್ಕೆ ‘ಖಳನಾಯಕಿ’ ಎಂದು ಬರೆಯುವುದುಂಟು. ಆದರೆ ಸೊಸೆಯನ್ನು ಕಾಡುವ ಅತ್ತೆಯೂ ಖಳನಾಯಕಿಯೇ. ಅವಳನ್ನು ಯಾರೂ ವ್ಯಾಂಪ್ ಎನ್ನುವುದಿಲ್ಲ.

ರಕ್ತ ಹೀರುವ ಪಿಶಾಚಿಗೆ ಇಂಗ್ಲಿಷಿನಲ್ಲಿರುವ ‘ವ್ಯಾಂಪೈರ್’ ಎಂಬ ಹೆಸರಿನ ಮೊಟಕು ರೂಪವಿದು. ಆ ಹೆಸರಿನಲ್ಲಿ ಇಂಗ್ಲಿಷ್ ಕವಿ ಕಿಪ್ಲಿಂಗ್ 1897ರಲ್ಲಿ ಬರೆದ ಕವಿತೆಯ ಮೊದಲ ಮಾತುಗಳನ್ನೇ ಶೀರ್ಷಿಕೆಯಾಗಿಸಿಕೊಂಡ 1915ರ ಅಮೆರಿಕನ್ ಚಿತ್ರ ‘ಎ ಫೂಲ್ ದೇರ್ ವಾಸ್’ನಲ್ಲಿ ನಟಿ ಥೀಡಾ ಬಾರಾ ಇಂಥವಳ ಪಾತ್ರ ವಹಿಸಿದ ಮೇಲೆ ಪದ ಜನರ ಬಾಯಿಗೆ ಬಂತು. ಹಳೆಯ ಪ್ರಿಯಕರ ಪಿಸ್ತೂಲು ಹಿಡಿದು ನಿಂತಾಗ ಅವಳು ಅದನ್ನು ಕೈಯಲ್ಲಿದ್ದ ಗುಲಾಬಿಯಿಂದ ಮೆಲ್ಲನೆ ಸರಿಸಿ ನಗುತ್ತಾಳೆ.

ಮುರ್ನೌ ನಿರ್ದೇಶಿಸಿದ 1927ರ ‘ಸನ್‌ರೈಸ್’ನಲ್ಲಿ ಪಾತ್ರಗಳಿಗೆ ಹೆಸರೇ ಇಲ್ಲ: ಗಂಡ, ಹೆಂಡತಿ, ಪಟ್ಟಣದ ಹೆಂಗಸು. ಹೆಂಡತಿಯ ಹೊಂಬಣ್ಣದ ಕೂದಲು ನೆತ್ತಿಗಂಟಿದಂತೆ ಬಿಗಿಯಾಗಿ ಬಾಚಿ ಗಂಟು ಹಾಕಿದ್ದು. ಪಟ್ಟಣದವಳದು ಕತ್ತರಿಸಿದ ಕಪ್ಪು ಕೂದಲು, ಮಿರುಗುವ ಕಪ್ಪು ಉಡುಪು, ಬೆರಳಲ್ಲಿ ಸಿಗರೇಟು. ಹೆಂಡತಿಯನ್ನು ಮುಳುಗಿಸಿದ ಮೇಲೆ ಗಂಡ ತೇಲಿ ಬರಲೆಂದು ಪಟ್ಟಣದವಳು ಕಿತ್ತು ಕೊಟ್ಟ ಜೊಂಡಿನ ಕಟ್ಟೇ ಕೊನೆಗೆ ಹೆಂಡತಿಯನ್ನು ಉಳಿಸುತ್ತದೆ. ಇಂಥವಳನ್ನು ‘ರಕ್ತಪಿಶಾಚಿ’ ಎಂದರೆ ಓದುಗರು ಕೋರೆಹಲ್ಲು ಹುಡುಕಿಯಾರು.

‘ವಿಷಕನ್ಯೆ’ ಸರಿಹೋಗದು, ಅವಳು ಬೇರೆಯವರು ಹೂಡಿದ ಅಸ್ತ್ರ, ಇವಳಾದರೋ ಸ್ವತಂತ್ರಳು. ‘ಬಿನ್ನಾಣಗಿತ್ತಿ’ ನನಗೆ ಬಲು ಇಷ್ಟವಾದ ಪದ (‘ಬಿನ್ನಾಣ’ವು ‘ವಿಜ್ಞಾನ’ದ ತದ್ಭವವೆಂಬುದನ್ನು ನೆನೆದಾಗಲೆಲ್ಲ ನಗು ಬರುತ್ತದೆ), ಆದರೆ ಅದರಲ್ಲಿ ಸರಸವಿದೆಯೇ ಹೊರತು ಸರ್ವನಾಶವಿಲ್ಲ. ‘ಮೋಹಿನಿ’ಯಲ್ಲಿ ಎರಡೂ ಇವೆ. ಹಳ್ಳಿಗಳಲ್ಲಿ ಗಂಡಸೊಬ್ಬ ಕಾರಣವಿಲ್ಲದೆ ಸೊರಗಿದರೆ ‘ಮೋಹಿನಿ ಕಾಟ’ ಎನ್ನುತ್ತಾರೆ. ದೆವ್ವವೂ ಚೆಲುವೆಯೂ ಒಂದೇ ಪದದಲ್ಲಿ ಸಿಗುವುದು ‘ವ್ಯಾಂಪ್’ನ ಹುಟ್ಟಿಗೂ ಒಪ್ಪುತ್ತದೆ.

ತೊಡಕು ಪುರಾಣದ ಮೋಹಿನಿಯದು. ನಿರ್ದೇಶಕ ಫಾಲ್ಕೆಯವರ 1913ರ ‘ಮೋಹಿನಿ ಭಸ್ಮಾಸುರ’ದಲ್ಲಿ ಕಮಲಾಬಾಯಿ ಗೋಖಲೆ ಮೋಹಿನಿಯಾದರು, ಅದೇ ವರ್ಷದ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯ ಪಾತ್ರವನ್ನು ಗಂಡಸೇ ವಹಿಸಬೇಕಾಗಿತ್ತು. ಈ ಮೋಹಿನಿ ಸಾಕ್ಷಾತ್ ವಿಷ್ಣು, ಲೋಕರಕ್ಷಣೆಗೆ ಕುಣಿದವಳು. ಒಂದೇ ಲೇಖನದಲ್ಲಿ ಇವಳನ್ನೂ ಥೀಡಾ ಬಾರಾಳನ್ನೂ ‘ಮೋಹಿನಿ’ ಎಂದರೆ ಓದುಗರು ಗೊಂದಲಕ್ಕೀಡಾಗುವುದಿಲ್ಲವೇ?

ಯಕ್ಷಗಾನದಲ್ಲಿ ಸುಂದರಿಯ ರೂಪ ತಾಳಿದ ರಾಕ್ಷಸಿಯನ್ನು ‘ಮಾಯಾ ಶೂರ್ಪನಖಿ’, ‘ಮಾಯಾ ಪೂತನಿ’ ಎನ್ನುವ ರೂಢಿಯಿದೆ. 1927ರ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ನಲ್ಲಿ ನಟಿ ಬ್ರಿಗಿಟ್ಟೆ ಹೆಲ್ಮ್ ವಹಿಸಿದ ಎರಡು ಪಾತ್ರಗಳ (ಮರಿಯಾ ಎಂಬ ಯುವತಿ, ಅವಳದೇ ರೂಪ ತಾಳಿದ ಯಂತ್ರ) ಪೈಕಿ ಯಂತ್ರದವಳನ್ನು ‘ಮಾಯಾ ಮರಿಯಾ’ ಎಂದರೆ ಬೇರೆ ವಿವರಣೆಯೇ ಬೇಡ. ಆದರೆ ಪಟ್ಟಣದ ಹೆಂಗಸಿಗೆ ಮರೆಮಾಡಿದ ನಿಜರೂಪವೆಂಬುದೇ ಇಲ್ಲವಾದ್ದರಿಂದ ‘ಮಾಯಾ’ ಅವಳಿಗೆ ಹೊಂದದು. ಕಂಪನಿ ನಾಟಕಗಳಲ್ಲಿ ಇಂಥ ಪಾತ್ರಕ್ಕೆ ಬೇರೆ ಹೆಸರಿತ್ತೇ? ಬಲ್ಲವರು ಪ್ರಯೋಗಸಹಿತ ತಿಳಿಸಬೇಕಾಗಿ ವಿನಂತಿ.