ಗ್ಲಾಸ್ಗೋದಲ್ಲಿ ಓದುತ್ತಿದ್ದರೂ ಇಂಗ್ಲಿಷ್ ಮಾತು ಸುಧಾರಿಸುತ್ತಿಲ್ಲ, ಏನು ಮಾಡಬೇಕು?

ಅರಸೀಕೆರೆಯವ:

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಇ. ಮುಗಿಸಿ, ಕಳೆದ ಸೆಪ್ಟೆಂಬರಿನಲ್ಲಿ ಎಂ.ಎಸ್‌ಸಿ. ಪದವಿಗಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಬಂದಿದ್ದೇನೆ. ಇಂಗ್ಲಿಷ್ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ 6.5 ಬಂದಿದ್ದರಿಂದ ಭಾಷೆಯ ಬಗ್ಗೆ ಚಿಂತೆಯಿರಲಿಲ್ಲ. ಉಪನ್ಯಾಸಗಳು ಹೇಗೋ ಅರ್ಥವಾಗುತ್ತವೆ. ಆದರೆ ಗುಂಪು ಚರ್ಚೆಯಲ್ಲಿ ನಾನು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಬೇರೆ ವಿಷಯಕ್ಕೆ ಹೊರಳಿರುತ್ತದೆ. ಅಂಗಡಿ, ಬಸ್ಸುಗಳಲ್ಲಿ ಇಲ್ಲಿಯವರು ಆಡುವುದು ಅರ್ಧಕ್ಕರ್ಧ ತಿಳಿಯುವುದಿಲ್ಲ. ಎರಡು ಸಲ 'ಏನೆಂದಿರಿ?' ಎಂದು ಕೇಳಿ, ಮೂರನೆಯ ಸಲ ನಾಚಿಕೆಯಿಂದ ಸುಮ್ಮನೆ ತಲೆಯಾಡಿಸುತ್ತೇನೆ. ಮನೆಯಲ್ಲಿರುವ ನಾಲ್ವರಲ್ಲಿ ಮೂವರು ಕನ್ನಡಿಗರು. ನಾಲ್ಕನೆಯವನು ವಿಜಯವಾಡದವನು, ಅವನೂ ಈಗ ಕನ್ನಡ ಕಲಿಯುತ್ತಿದ್ದಾನೆ. ಒಂದು ವರ್ಷದ ಕೋರ್ಸಿನಲ್ಲಿ ಐದು ತಿಂಗಳು ಕಳೆದಿವೆ. ಸಿನಿಮಾ ನೋಡಿ, ಪತ್ರಿಕೆ ಓದಿ ಎಂಬ ಸಲಹೆಗಳನ್ನು ಸಾಕಷ್ಟು ಕೇಳಿದ್ದೇನೆ. ಸ್ವತಃ ಮಾಡಿ ನೋಡಿ ಫಲ ಕಂಡವರು ದಯವಿಟ್ಟು ತಿಳಿಸಬೇಕು.

ಕ್ಲೈಡ್ ದಂಡೆಯಿಂದ:

ಹನ್ನೊಂದು ವರ್ಷಗಳ ಹಿಂದಿನ ನನ್ನ ಸ್ಥಿತಿಯನ್ನೇ ನೀವು ಬರೆದಿದ್ದೀರಿ. ಇದರಲ್ಲಿ ನಿಮ್ಮದೊಬ್ಬರದೇ ದೋಷವಿಲ್ಲ. ಇಲ್ಲಿಯವರು ಇಂಗ್ಲಿಷಿನೊಳಗೆ ಇಲ್ಲಿಯದೇ ನುಡಿಯಾದ ಸ್ಕಾಟ್ಸ್‌ನ ಪದಗಳನ್ನು ಧಾರಾಳವಾಗಿ ಬೆರೆಸುತ್ತಾರೆ. 'ಮೆಸೇಜಸ್' ತರಲು ಹೊರಟೆ ಎಂದರೆ ದಿನಸಿ ತರಲು ಹೊರಟೆ ಎಂದರ್ಥ; 'ವೀ' ಎಂದರೆ ಚಿಕ್ಕದು; 'ಔಟ್‌ವಿತ್' ಎಂದರೆ ಹೊರಗೆ ಅಥವಾ ಹೊರತಾಗಿ, ಈ ಪದ ಇಲ್ಲಿಯ ಕಚೇರಿ ಪತ್ರಗಳಲ್ಲೂ ಬರುತ್ತದೆ. 'ಎಲ್ಲಿ ಸ್ಟೇ ಮಾಡುತ್ತೀರಿ?' ಎಂದು ಬೆಂಗಳೂರಿನಲ್ಲಿ ನಾವು ಇಂಗ್ಲಿಷಿನಲ್ಲಿ ಕೇಳಿದರೆ ತಿದ್ದುವವರಿದ್ದಾರೆ, ಆದರೆ ಅಪ್ಪಟ ಗ್ಲಾಸ್ಗೋದವರೂ ವಾಸದ ಮನೆಯನ್ನು ಹಾಗೆಯೇ ವಿಚಾರಿಸುತ್ತಾರೆ. 'ಯು ಆಲ್‌ರೈಟ್?' ಎಂದವರಿಗೆ ನಿಮ್ಮ ಆರೋಗ್ಯದ ವರದಿ ಒಪ್ಪಿಸಬೇಕಾಗಿಲ್ಲ. ಅದು ನಮ್ಮ 'ಊಟ ಆಯ್ತಾ?' ಇದ್ದ ಹಾಗೆ.

ದಾರಿಯಲ್ಲಿ ಸಿಕ್ಕವರೊಂದಿಗೆ ಆಡುವ ಮಾತಿನಿಂದ ಭಾಷೆ ಹೆಚ್ಚು ಬೆಳೆಯುವುದಿಲ್ಲ, ಏಕೆಂದರೆ ಹೆಸರು, ಊರು, ಮಳೆ ಇಷ್ಟು ಮುಗಿದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದೇ ಜನ ಅದೇ ಜಾಗದಲ್ಲಿ ವಾರವಾರವೂ ಸಿಗುವಂತಹ ಒಂದು ಕೆಲಸವನ್ನು ಹಿಡಿಯಿರಿ. ನನಗೆ ಒದಗಿದ್ದು ಪಾರ್ಕ್‌ರನ್. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಶುರುವಾದ ಈ ಉಚಿತ 5 ಕಿ.ಮೀ. ಓಟ ಸ್ಕಾಟ್ಲೆಂಡಿನಲ್ಲಿ ಶನಿವಾರ ಬೆಳಿಗ್ಗೆ 9.30ಕ್ಕೆ ನಡೆಯುತ್ತದೆ, ನಿಮ್ಮ ಊರಿನಲ್ಲಿ ಪೊಲಕ್ ಪಾರ್ಕ್, ವಿಕ್ಟೋರಿಯಾ ಪಾರ್ಕ್‌ಗಳಲ್ಲಿದೆ. ಓಡಲೇಬೇಕೆಂದಿಲ್ಲ. ತಿರುವಿನಲ್ಲಿ ನಿಂತು ದಾರಿ ತೋರಿಸುವುದಕ್ಕೆ, ಓಟಗಾರರ ಬಾರ್‌ಕೋಡ್ ಸ್ಕ್ಯಾನ್ ಮಾಡುವುದಕ್ಕೆ ಸ್ವಯಂಸೇವಕರು ಬೇಕಾಗುತ್ತಾರೆ, ಮುಗಿದ ಮೇಲೆ ಹಲವರು ಕಾಫಿಗೆ ಕೂರುತ್ತಾರೆ. ಮೊದಲ ವಾರ ನಾನು ಆಡಿದ್ದು ಎರಡೇ ಮಾತು. ಆರನೆಯ ವಾರಕ್ಕೆ ಒಬ್ಬ ನಿವೃತ್ತ ಬಸ್ ಚಾಲಕರು ತಮ್ಮ ಮಂಡಿನೋವಿನ ಚರಿತ್ರೆಯನ್ನೆಲ್ಲ ನನಗೆ ಹೇಳುತ್ತಿದ್ದರು, ಅದು ನನಗೆ ಅರ್ಥವೂ ಆಗುತ್ತಿತ್ತು.

ಇನ್ನೊಂದು ವಿಷಯ. ಬರಿದೇ 'ಏನೆಂದಿರಿ?' ಎಂದು ಕೇಳಬೇಡಿ, ಅವರು ಅದೇ ವೇಗದಲ್ಲಿ ಅದನ್ನೇ ಮತ್ತೆ ಹೇಳುತ್ತಾರೆ. ಕೇಳಿಸಿದಷ್ಟನ್ನು ತಿರುಗಿ ಹೇಳಿ, ಕೇಳಿಸದ ತುಂಡನ್ನು ಮಾತ್ರ ಕೇಳಿ: 'ಹತ್ತು ಗಂಟೆಗೆ ಎಂದಿರಿ, ಎಲ್ಲಿಗೆ?' ಆಗ ಅವರು ಆ ಒಂದು ಪದವನ್ನು ನಿಧಾನವಾಗಿ ಹೇಳುತ್ತಾರೆ.

ಮೈಸೂರು ಮೇಷ್ಟ್ರು:

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನಾಗಿ ಕಿವಿಯ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ. ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಅದರ ಪಾಲಿನ ಕಾಲವನ್ನು ಕೊಟ್ಟು ಉಚ್ಚರಿಸುತ್ತೇವೆ. ಇಂಗ್ಲಿಷ್ ಒತ್ತು ಬಿದ್ದ ಅಕ್ಷರವನ್ನು ಎತ್ತಿ ಹಿಡಿದು ಉಳಿದವನ್ನು ನುಂಗುತ್ತದೆ. 'ಕಂಫರ್ಟಬಲ್' ಎಂಬ ಪದಕ್ಕಾಗಿ ನಿಮ್ಮ ಕಿವಿ ಕಾದಿರುತ್ತದೆ, ಅವರ ಬಾಯಿಂದ ಬರುವುದು 'ಕಂಫ್ಟಬಲ್'. 'ಫೋಟೋಗ್ರಾಫ್' ಪದದಲ್ಲಿ ಒತ್ತು ಮೊದಲ ಅಕ್ಷರಕ್ಕೆ, 'ಫೋಟೋಗ್ರಾಫರ್' ಆದೊಡನೆ ಎರಡನೆಯದಕ್ಕೆ. ಪದ ಗೊತ್ತಿದ್ದೂ ಗುರುತು ಸಿಗದೆ ಹೋಗುವುದು ಇದರಿಂದಲೇ, ಅವರಿಗೆ ನಮ್ಮ ಮಾತು ತಿಳಿಯದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ನಿಘಂಟಿನಲ್ಲಿ ಅರ್ಥ ನೋಡುವಾಗ ಉಚ್ಚಾರಣೆಯಲ್ಲಿ ಒತ್ತಿನ ಅಕ್ಷರಕ್ಕೆ ಮೊದಲು ಹಾಕಿರುವ ಸಣ್ಣ ಗೆರೆಯನ್ನೂ ನೋಡುವ ರೂಢಿ ಮಾಡಿಕೊಳ್ಳಿ. ಜೊತೆಗೆ, ಪದದ ಮೊದಲಿಗೆ ಬರುವ ಎಕಾರವನ್ನು 'ಯೆ' ಎಂದೂ ಒಕಾರವನ್ನು 'ವೊ' ಎಂದೂ ನುಡಿಯುವ ನಮ್ಮ ಅಭ್ಯಾಸ 'ಯೆಂಜಿನಿಯರ್', 'ವೋನ್ಲಿ'ಗಳಾಗಿ ಇಂಗ್ಲಿಷಿಗೂ ನುಸುಳುತ್ತದೆ. ಅದನ್ನು ಗಮನಿಸಿ, ಆದರೆ ಸ್ಕಾಟಿಷ್ ಧಾಟಿಯನ್ನು ಅನುಕರಿಸಲು ಮಾತ್ರ ಹೋಗಬೇಡಿ.

ಅಭ್ಯಾಸ ಹೀಗಿರಲಿ: ಧ್ವನಿಮುದ್ರಿತ ಉಪನ್ಯಾಸದ ಒಂದೇ ಒಂದು ನಿಮಿಷವನ್ನು ಆರಿಸಿಕೊಂಡು, ವಿಡಿಯೋದ ಕೆಳಗೆ ಮೂಡುವ ಅಕ್ಷರಗಳನ್ನು (ಸಬ್‌ಟೈಟಲ್) ಮುಚ್ಚಿ, ಕೇಳಿಸಿದ್ದನ್ನೆಲ್ಲ ಬರೆಯಿರಿ. ಆಮೇಲೆ ಅಕ್ಷರಗಳನ್ನು ತೆರೆದು, ಎಲ್ಲಿ ತಪ್ಪಿದಿರಿ ಎಂದು ಗುರುತು ಹಾಕಿ, ಕೊನೆಗೆ ಉಪನ್ಯಾಸಕರ ಜೊತೆಜೊತೆಗೇ ನುಡಿದು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಒಂದು ನಿಮಿಷದ ಮಾತಿಗೆ ಅರ್ಧ ಗಂಟೆ ಹಿಡಿಯುತ್ತದೆ. ನಿಮ್ಮ ಧ್ವನಿ ನಿಮಗೇ ಅಸಹನೀಯವೆನಿಸುವುದು ಮೊದಲ ವಾರ ಮಾತ್ರ.

ಲೀಡ್ಸ್‌ನಿಂದ ಮರಳಿದವಳು:

ಕನ್ನಡಿಗರ ಮನೆ ಬಿಟ್ಟು ಹೋಗಿ ಎಂದು ಯಾರಾದರೂ ಸಲಹೆ ಕೊಡುವ ಮೊದಲೇ ಹೇಳಿಬಿಡುತ್ತೇನೆ, ಹೋಗಬೇಡಿ. ನಾನು ಆ ಪ್ರಯೋಗ ಮಾಡಿದ್ದೆ. ಹೊಸ ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದರು, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು, ಹೀಗಾಗಿ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಗುಂಪು ಚರ್ಚೆಯಲ್ಲಿ ನನಗೆ ಕೆಲಸಕ್ಕೆ ಬಂದ ಉಪಾಯವೆಂದರೆ ಮೊದಲ ಐದು ನಿಮಿಷದೊಳಗೆ ಬಾಯಿ ತೆರೆಯುವುದು. ಒಂದು ಪ್ರಶ್ನೆಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡು ಆರಂಭದಲ್ಲೇ ಕೇಳಿಬಿಡಿ. ಆಮೇಲಿನ ಮಾತು ನಿಮ್ಮ ಪ್ರಶ್ನೆಯ ಸುತ್ತಲೇ ತಿರುಗುವುದರಿಂದ ಹಿಂಬಾಲಿಸುವುದು ಸುಲಭ. ಅಂದಹಾಗೆ ನಾವು ತರಗತಿಯಲ್ಲಿ 'ಡೌಟ್' ಇದೆ ಎನ್ನುತ್ತೇವಲ್ಲ, ಅಲ್ಲಿ ಅದು ಅವರ ಮಾತನ್ನೇ ಶಂಕಿಸಿದಂತೆ ಕೇಳಿಸುತ್ತದೆ, 'ಕ್ವೆಶ್ಚನ್' ಎನ್ನಿ. ಬರವಣಿಗೆಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ 'ಅಕಾಡೆಮಿಕ್ ಫ್ರೇಸ್‌ಬ್ಯಾಂಕ್' ಜಾಲತಾಣ ಉಚಿತವಾಗಿದೆ. ಪ್ರಬಂಧದಲ್ಲಿ ಅನುಮಾನ, ಹೋಲಿಕೆ, ಮಿತಿಗಳನ್ನು ಹೇಳುವ ವಾಕ್ಯಗಳ ಅಚ್ಚುಗಳು ಅಲ್ಲಿ ಸಿಗುತ್ತವೆ.

ಅರಸೀಕೆರೆಯವ:

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರೇ, ನಿನ್ನೆ ಒಂದು ನಿಮಿಷದ ಅಭ್ಯಾಸಕ್ಕೆ ಐವತ್ತು ನಿಮಿಷ ಹಿಡಿಯಿತು, ಹದಿನಾಲ್ಕು ಕಡೆ ತಪ್ಪಿದ್ದೆ. ಅವುಗಳಲ್ಲಿ ನನಗೆ ಗೊತ್ತಿರದ ಪದ ಒಂದೂ ಇರಲಿಲ್ಲ. ಕ್ಲೈಡ್ ದಂಡೆಯವರೇ, ಮನೆಯ ಹತ್ತಿರ ದತ್ತಿ ಸಂಸ್ಥೆಯೊಂದು ಹಳೆಯ ಬಟ್ಟೆ, ಪುಸ್ತಕಗಳನ್ನು ಮಾರುವ ಅಂಗಡಿಯಿದೆ. ಅಲ್ಲಿ ಸಂಬಳವಿಲ್ಲದೆ ಕೆಲಸ ಮಾಡಿದರೆ ವೀಸಾಕ್ಕೆ ತೊಂದರೆಯಾಗುತ್ತದೆಯೇ?

ಕ್ಲೈಡ್ ದಂಡೆಯಿಂದ:

ಸಂಬಳವಿಲ್ಲ ಎಂದ ಮಾತ್ರಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮಂತಹ ಪದವಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳ ಮಿತಿಯಿದೆ, ಕೆಲವು ಬಗೆಯ ಸಂಬಳರಹಿತ ಕೆಲಸವೂ ಅದರೊಳಗೇ ಬರುತ್ತದೆ. ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ವಿಚಾರಿಸಿ, ಅವರ ಉತ್ತರವನ್ನು ಇಮೇಲಿನಲ್ಲಿ ಪಡೆದುಕೊಳ್ಳಿ. ಆ ಇಮೇಲನ್ನು ನೀವೇ ಬರೆಯಿರಿ, ರೂಮಿನವರಿಂದ ಬರೆಸಬೇಡಿ.