ಅಜ್ಜನ ಚಾಕುವಿನ ಹಿಡಿ ಮೂಳೆಯದಾ, ಕಡವೆ ಕೊಂಬಿನದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಹತ್ತಿರದ ನಮ್ಮ ಮನೆ ಅಟ್ಟದಲ್ಲಿ ಅಜ್ಜನ ಮಡಚುವ ಚಾಕು ಸಿಕ್ಕಿತು. ಅಲಗಿನ ಬುಡದಲ್ಲಿ ‘ಶೆಫೀಲ್ಡ್’ (ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು) ಅಂತ ಮಾತ್ರ ಓದಬಹುದು, ಮಿಕ್ಕಿದ್ದೆಲ್ಲ ತುಕ್ಕು.

ಹಿಡಿ ಕಂದು ಬಣ್ಣ, ಮೇಲೆಲ್ಲ ಒರಟು ಗೀರು. ಮನೆಯವರು ಕಡವೆ ಕೊಂಬು ಅಂತಾರೆ. ಹಾಗಿದ್ದರೆ 1972ರ ವನ್ಯಜೀವಿ ಕಾಯ್ದೆಯ ತಲೆಬಿಸಿ ಬೇರೆ! ನನಗೆ ದನದ ಮೂಳೆ ಅನ್ನಿಸುತ್ತದೆ. ಕೊಂಬಿನಂತೆ ಕಾಣಲಿ ಅಂತಲೇ ಮೂಳೆಗೆ ಗೀರು ಕೆತ್ತಿ ಬಣ್ಣ ಹಾಕುತ್ತಿದ್ದರು, ಅಲ್ವಾ? ಭೂತಗನ್ನಡಿಯಲ್ಲಿ, ಮೂಳೆಯಲ್ಲಿರುವಂತೆ, ಸೂಜಿ ಚುಚ್ಚಿದಂಥ ಕಪ್ಪು ಚುಕ್ಕಿಗಳು ಕಾಣುತ್ತವೆ. ದಂತದಲ್ಲಿರುವ ಅಡ್ಡಗೆರೆಗಳ ಬಲೆ ಇಲ್ಲ. ಕಾಯಿಸಿದ ಸೂಜಿಯನ್ನು ಮರೆಯ ಜಾಗದಲ್ಲಿ ಮುಟ್ಟಿಸಿದೆ. ಕರಗಲಿಲ್ಲ, ಕೂದಲು ಸುಟ್ಟ ವಾಸನೆ ಬಂತು. ಪ್ಲಾಸ್ಟಿಕ್ ಅಲ್ಲ ಅನ್ನುವುದು ಖಾತ್ರಿ. ಆದರೆ ಕೊಂಬು ಸುಟ್ಟರೂ ಅದೇ ವಾಸನೆ, ಏನು ಮಾಡೋದು?

ಆಮೇಲೆ ಒಂದು ಪೆದ್ದು ಕೆಲಸ ಮಾಡಿದೆ. ಸೋಪಿನ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ, ಒಲೆ ಪಕ್ಕ ಒಣಗಿಸಿದೆ. ಈಗ ಹಿತ್ತಾಳೆ ಮೊಳೆಯಿಂದ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಮೊಳೆ ಸುತ್ತ ಹಸಿರು ಕಿಲುಬು ಬೇರೆ.

ಬಿರುಕಿಗೆ ತೆಳು ಫೆವಿಕ್ವಿಕ್ ಬಿಡಬಹುದಾ? ತೆಂಗಿನೆಣ್ಣೆ ಕಮಟು ಹಿಡಿಯುತ್ತದೆ ಅಂತ ಮಿನರಲ್ ಆಯಿಲ್ ತಂದಿಟ್ಟಿದ್ದೇನೆ, ಅಂಟು, ಎಣ್ಣೆ ಇವುಗಳಲ್ಲಿ ಯಾವುದು ಮೊದಲು? ಇಂಥ ಹಿಡಿ ರಿಪೇರಿ ಮಾಡಿದವರು ಮಡಿಕೇರಿ, ಕುಶಾಲನಗರದ ಕಡೆ ಯಾರಾದರೂ ಇದ್ದರೆ ತಿಳಿಸಿ. ಹೊಸ ಹಿಡಿ ಹಾಕಿಸಿ ಅನ್ನಬೇಡಿ, ಪ್ಲೀಸ್.